ಎಂಟನೇ ಕ್ಲಾಸಿನ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಗೆ ಮನೆಯಲ್ಲೇ ತಯಾರಿ ಮಾಡಿಸಬಹುದಾ?

ಹೊಸನಗರದ ಅಮ್ಮ:
ಮಗಳು ಸರ್ಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸು. ಈ ಸಲ ಎನ್‌ಎಂಎಂಎಸ್ ಬರೆಸೋಣ ಅಂತ ಅವಳ ಟೀಚರ್ ಹೇಳಿದ್ದಾರೆ. ಲೆಕ್ಕದಲ್ಲಿ ಚುರುಕು, ಆದರೆ ಈ ಮ್ಯಾಟ್ ಪತ್ರಿಕೆಯ ತರ್ಕದ ಪ್ರಶ್ನೆಗಳನ್ನು ನೋಡಿದರೆ ಇದು ಯಾವ ಪುಸ್ತಕದಲ್ಲೂ ಇಲ್ವಲ್ಲಾ ಅಂತ ಅಳೋಕೇ ಶುರು ಮಾಡ್ತಾಳೆ. ಶಿವಮೊಗ್ಗದಲ್ಲಿ ಕೋಚಿಂಗ್ ಇದೆ ಅಂತಾರೆ, ಭಾನುವಾರ ಬಸ್ಸಲ್ಲಿ ಹೋಗಿ ಬರೋದರಲ್ಲೇ ದಿನ ಮುಗಿಯುತ್ತೆ. ಅದೂ ಅಲ್ದೆ ಅಡಿಕೆ ಕೊಯ್ಲು ಶುರುವಾದರೆ ನಮಗೆ ಅವಳ ಪಕ್ಕ ಕೂರೋಕೂ ಪುರುಸೊತ್ತಿರಲ್ಲ. ಏನು ಮಾಡೋದು?

ತೀರ್ಥಹಳ್ಳಿ ಮೇಷ್ಟ್ರು:
ಕೋಚಿಂಗ್ ಬೇಡ ಮೇಡಂ. ಎರಡು ಪತ್ರಿಕೆ, ಒಂದು ಮ್ಯಾಟ್, ಇನ್ನೊಂದು ಶಾಲೆಯ ವಿಷಯಗಳ ಸ್ಯಾಟ್; ಒಂದೊಂದಕ್ಕೂ 90 ಪ್ರಶ್ನೆ, 90 ನಿಮಿಷ. ಸ್ಯಾಟ್‌ನಲ್ಲಿ ವಿಜ್ಞಾನ 35, ಸಮಾಜ 35, ಗಣಿತ 20. ಅದೆಲ್ಲ ಏಳು, ಎಂಟನೇ ಕ್ಲಾಸಿನ ಪಠ್ಯಪುಸ್ತಕದ್ದೇ, ದಪ್ಪ ಗೈಡಿಗೆ ದುಡ್ಡು ಹಾಕಬೇಡಿ. ಮ್ಯಾಟ್‌ಗೆ ಓದಿಸೋದು ಅಂತ ಏನೂ ಇಲ್ಲ, ಮಾತಾಡಿಸಬೇಕು ಅಷ್ಟೆ. 3, 7, 15, 31, ಮುಂದೇನು ಅಂತ ಕೇಳಿ. 63 ಅಂದ ಕೂಡಲೇ ಶಭಾಷ್ ಅಂತ ಬಿಟ್ಟುಬಿಡಬೇಡಿ, ಹೇಗೆ ಬಂತು ಅಂತ ಹೇಳಿಸಿ. ಒಬ್ಬಳು ಎರಡರಿಂದ ಗುಣಿಸಿ ಒಂದು ಕೂಡಿದೆ ಅಂತಾಳೆ, ಇನ್ನೊಬ್ಬ ವ್ಯತ್ಯಾಸ 4, 8, 16 ಅಂತ ದುಪ್ಪಟ್ಟಾಗ್ತಾ ಹೋಗ್ತಿದೆ ಅಂತಾನೆ. ಎರಡೂ ಸರಿ. ಹೀಗೆ ಬಾಯಿಬಿಟ್ಟು ಹೇಳೋ ಅಭ್ಯಾಸ ಆದ ಮಕ್ಕಳು ಹೊಸ ಪ್ರಶ್ನೆ ಕಂಡರೆ ಹೆದರಲ್ಲ. ಇದಕ್ಕೆ ನೀವು ಪಕ್ಕ ಕೂರಬೇಕಾಗೇ ಇಲ್ಲ, ಅಡಿಕೆ ಸುಲಿಯುತ್ತಾ ಕೇಳಬಹುದು.

ಸಾಗರದ ಅಪ್ಪ:
ಮೇಷ್ಟ್ರು ಹೇಳಿದ್ದಕ್ಕೆ ಅರ್ಧ ಒಪ್ತೀನಿ. ಬರೀ ಮಾತಾಡಿಸಿದರೆ ಸಾಲದು, ಗಡಿಯಾರ ಇಟ್ಟು ಬರೆಸಲೇಬೇಕು. ಪ್ರಶ್ನೆಗೆ ಒಂದೇ ನಿಮಿಷ. ಬುದ್ಧಿವಂತ ಮಕ್ಕಳೇ ಒಂದು ಪ್ರಶ್ನೆಗೆ ಜೋತುಬಿದ್ದು ಕೊನೆಯ ಇಪ್ಪತ್ತನ್ನು ಮುಟ್ಟೋದೇ ಇಲ್ಲ. ಹಳೇ ಪ್ರಶ್ನೆಪತ್ರಿಕೆ ತಗೊಂಡು ಒಎಂಆರ್ ಹಾಳೆಯ (ಉತ್ತರದ ವೃತ್ತ ತುಂಬೋ ಹಾಳೆ) ಜೆರಾಕ್ಸ್ ಮಾಡಿಸಿ, ಬಾಲ್‌ಪೆನ್ನಲ್ಲೇ ತುಂಬಿಸಿ. 41ನೇ ಪ್ರಶ್ನೆ ಬಿಟ್ಟು 42ರ ಉತ್ತರವನ್ನು 41ರ ಸಾಲಲ್ಲಿ ತುಂಬಿದರೆ ಅಲ್ಲಿಂದ ಕೆಳಗೆ ಎಲ್ಲಾ ತಪ್ಪು. ಹತ್ತು ಪ್ರಶ್ನೆಗೊಮ್ಮೆ ನಂಬರ್ ನೋಡಿಕೊಳ್ಳೋದು ರೂಢಿಯಾಗಲಿ. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಇದನ್ನು ಮಾತ್ರ ಹತ್ತು ಸಲ ಹೇಳಿ.

ಭದ್ರಾವತಿ ಅಕ್ಕ:
ಮೊದಲು ಅರ್ಹತೆ ನೋಡಿಕೊಳ್ಳಿ. ಏಳನೇ ಕ್ಲಾಸಲ್ಲಿ ಶೇ. 55 ಅಂಕ (ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ. 50) ಬಂದಿರಬೇಕು, ಮನೆ ಆದಾಯ ವರ್ಷಕ್ಕೆ 3.5 ಲಕ್ಷ ದಾಟಿರಬಾರದು. ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿ, ಕೊನೇ ಗಳಿಗೆಯಲ್ಲಿ ನಾಡಕಚೇರಿ ಸರ್ವರ್ ಕೈಕೊಟ್ಟರೆ ಮಗು ಓದಿದ್ದೆಲ್ಲ ದಂಡ. ಆಧಾರ್‌ನಲ್ಲಿ, ಶಾಲೆ ದಾಖಲೆಯಲ್ಲಿ, ಬ್ಯಾಂಕ್ ಪಾಸ್‌ಬುಕ್ಕಲ್ಲಿ ಹೆಸರು ಒಂದೇ ಥರ ಇದೆಯಾ ನೋಡಿ. ನಮ್ಮ ಕಡೆ ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ! ದುಡ್ಡು ನೇರ ಮಗುವಿನ ಖಾತೆಗೇ ಬರೋದು.

ಹೊಸನಗರದ ಅಮ್ಮ:
ತುಂಬಾ ಥ್ಯಾಂಕ್ಸ್. ಪಾಸ್‌ಬುಕ್ಕಲ್ಲಿ ಇನಿಷಿಯಲ್ಲೇ ಇಲ್ಲ, ಸೋಮವಾರ ಬ್ಯಾಂಕಿಗೆ ಹೋಗ್ತೀನಿ. ವರ್ಷಕ್ಕೆ 12,000 ಅಲ್ವಾ? ಪಿಯುಸಿವರೆಗೂ ತಾನಾಗೇ ಬರುತ್ತಾ?

ತೀರ್ಥಹಳ್ಳಿ ಮೇಷ್ಟ್ರು:
12,000 ಸರಿ, ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ. ತಾನಾಗೇ ಬರಲ್ಲ. ಪ್ರತಿ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಣ ಮಾಡಿಸಬೇಕು. ಎಷ್ಟೋ ಮಕ್ಕಳು ಆಯ್ಕೆಯಾಗಿಯೂ ದುಡ್ಡು ತಪ್ಪಿಸಿಕೊಳ್ಳೋದು ಇಲ್ಲೇ.