ಸಮಸ್ಯೆ: ‘ರಣಕೆ ಬೆನ್ನನು ತೋರಿದವನೇ ವೀರನೆನಿಸಿದನು’

ಹಳೆಗನ್ನಡಿ: ಈ ವಾರದ ಸಮಸ್ಯೆ ಮೇಲಿದೆ. ಅದೇ ಕೊನೆಯ ಸಾಲಾಗುವಂತೆ ಪದ್ಯ ಕಟ್ಟಿ. ಆರು ಸಾಲಿನ ಭಾಮಿನಿ ಷಟ್ಪದಿ. ಹೇಡಿ ಹುಡುಗ ಕಲಿಯಾಗಬೇಕು. ಅಭಿಮನ್ಯುವನ್ನು ತರಬೇಡಿ, ಅವನು ಹೆದರಿದ್ದೇ ಇಲ್ಲ.

ಪದ್ಯಪಿಪಾಸು: ಹಾಗಾದ್ರೆ ಉತ್ತರನೇ ಸೈ.

ಕುಣಿದ ನಾರಿಯರೆದುರು ಜಂಬದಿ
ಕಣದಿ ಸೇನೆಯ ಕಂಡು ನಡುಗಿದ
ಹಣೆಯ ಬೆವರನ್ನೊರಸಿ ರಥದಿಂದಿಳಿದು ಕಾಲ್ಕಿತ್ತ
ಹೆಣೆದ ಜಡೆಯಾ ಸೂತ ಹಿಡಿಯಲು
ಮಣಿದು ವಾಘೆಯ ಕೈಗೆ ಕೊಂಡನು
ರಣಕೆ ಬೆನ್ನನು ತೋರಿದವನೇ ವೀರನೆನಿಸಿದನು

ಮಾತ್ರೆಗುಳಿಗೆ: ‘ಜಡೆಯಾ’ ಯಾಕೆ? ಮಾತ್ರೆ ಸಾಲದೆ ಸುಮ್ನೆ ಎಳೆದಿದ್ದೀರಿ.

ಪದ್ಯಪಿಪಾಸು: ಎಳೆದಿಲ್ಲ. ಜಡೆಯ + ಆ ಸೂತ.

ಮಾತ್ರೆಗುಳಿಗೆ: ಎರಡು ಕನ್ನಡ ಪದಕ್ಕೆ ಸಂಸ್ಕೃತದ ಸವರ್ಣದೀರ್ಘ ಸಂಧಿ ಹಚ್ಚುತ್ತೀರಾ? ಭೇಷ್.

ಪದ್ಯಪಿಪಾಸು: ಲೋಪಸಂಧಿ ಸ್ವಾಮಿ! ಅಕಾರ ಹೋಯಿತು, ಆಕಾರ ಉಳಿಯಿತು.

ಮಾತ್ರೆಗುಳಿಗೆ: ಅರ್ಥ ಕೆಡದಿದ್ದರೆ ತಾನೇ ಲೋಪ? ಓದುವವರಿಗೆ ಆ ‘ಆ’ ಎಲ್ಲಿ ಕಾಣುತ್ತದೆ? ‘ಜಡೆಯವ’ ಅಂದಿದ್ದರೆ ಮುಗಿದಿತ್ತು.

ಪದ್ಯಪಿಪಾಸು: ಹೋದ ಸಲ ಎಲ್ಲದಕ್ಕೂ ಶಿಥಿಲದ್ವಿತ್ವ, ಒತ್ತಕ್ಷರವನ್ನು ತೇಲಿಸಿ ಓದಿದರೆ ಹಿಂದಿನದು ಲಘುವೇ ಎಂದು ಜಾರಿಕೊಂಡವರು ನೀವೇ ಅಲ್ವಾ?

ಮಾತ್ರೆಗುಳಿಗೆ: ಅದು ಶಿಥಿಲದ್ವಿತ್ವವೇ ಆಗಿತ್ತು.

ತೆಂಕಣಗಾಳಿ: ನನ್ನದೊಂದು. ಹೆಸರಿಲ್ಲದ ಹುಡುಗ.

ಉಣದೆ ಮಲಗದೆ ಹೆದರಿ ಕುಳಿತವ
ಹೆಣದ ರಾಶಿಯ ನಡುವೆ ತೆವಳಿದ
ಕಣೆಯು ನಾಟಿದ ಗೆಳೆಯನನು ಹೆಗಲಲ್ಲಿ ಹೊತ್ತೊಯ್ದ
ತಣಿಯದಿದ್ದರು ಭಯದ ನಡುಕವು
ಋಣವ ಮರೆಯದೆ ಹೆಜ್ಜೆಯಿಟ್ಟನು
ರಣಕೆ ಬೆನ್ನನು ತೋರಿದವನೇ ವೀರನೆನಿಸಿದನು

ಹಳೆಗನ್ನಡಿ: ಚೆನ್ನಾಗಿದೆ.

ಮಾತ್ರೆಗುಳಿಗೆ: ಹೂಂ. ಸರಿಯಿದೆ. ಪಿಪಾಸು ಅವರೇ, ಇನ್ನೊಂದು. ಲಗಾಮು ಹಿಡಿದ ಮಾತ್ರಕ್ಕೆ ವೀರ ಹೇಗೆ? ಬಾಣ ಬಿಟ್ಟವನು ಆ ಜಡೆಯ ಸೂತ, ಬೃಹನ್ನಳೆಯ ವೇಷದ ಅರ್ಜುನ. ‘ಉತ್ತರನ ಪೌರುಷ ಒಲೆಯ ಮುಂದೆ’ ಅಂತ ಊರೆಲ್ಲ ಆಡಿಕೊಳ್ಳುತ್ತದೆ.

ಪದ್ಯಪಿಪಾಸು: ಊರು ವಿರಾಟಪರ್ವದ ಅರ್ಧಕ್ಕೇ ಎದ್ದು ಹೋಗಿದೆ. ಗೆದ್ದು ಬಂದ ಮೇಲೆ ಅಪ್ಪ ಮಗನನ್ನು ಹೊಗಳಿ ಹೊಗಳಿ ಸಾಕಾಗುತ್ತಾನೆ. ಹುಡುಗ ಏನಂದ? ಗೆದ್ದವನು ನಾನಲ್ಲ, ದೇವಪುತ್ರನೊಬ್ಬ ಎಂದ. ಬೆಳಿಗ್ಗೆ ಹೆಂಗಸರ ಮುಂದೆ ಕೊಚ್ಚಿಕೊಂಡವನೇ ಇವನು! ಅಷ್ಟೇ ಅಲ್ಲ. ಕುರುಕ್ಷೇತ್ರದ ಮೊದಲ ದಿನವೇ ಆನೆಯೇರಿ ಶಲ್ಯನ ಮೇಲೆ ನುಗ್ಗಿದ. ರಥದ ನಾಲ್ಕು ಕುದುರೆಗಳನ್ನೂ ಕೆಡವಿದ. ಶಲ್ಯನ ಶಕ್ತ್ಯಾಯುಧಕ್ಕೆ ಅಲ್ಲೇ ಸತ್ತ. ಆವತ್ತು ಹಿಡಿದು ನಿಲ್ಲಿಸಲು ಜಡೆಯವನು ಪಕ್ಕದಲ್ಲಿರಲಿಲ್ಲ.

ಮಾತ್ರೆಗುಳಿಗೆ: ನೋಡಿ, ನೀವೇ ‘ಜಡೆಯವನು’ ಅಂದಿರಿ.

ಪದ್ಯಪಿಪಾಸು: ಅದು ಗದ್ಯ!

ಕಂದಮ್ಮ: ಶಲ್ಯ ಪದ್ಯದಲ್ಲಿ ಇಲ್ಲವೇ ಇಲ್ಲವಲ್ಲ? ಲಗಾಮು ಹಿಡಿದಲ್ಲಿಗೇ ನಿಂತಿದೆ. ಇಷ್ಟೆಲ್ಲ ಗೊತ್ತಿದ್ದೂ ಹಾಸ್ಯದ ಭಾಗವನ್ನೇ ಆರು ಸಾಲಿಗೆ ಹಿಗ್ಗಿಸಿದ್ದೀರಿ. ‘ಎನಿಸಿದನು’ ಅಂದ್ರೆ ಅನ್ನಿಸಿಕೊಂಡ, ಅಷ್ಟೇ. ಸಮಸ್ಯೆ ಕೊಟ್ಟವರು ಜಾಣರು, ಬಾಗಿಲು ತೆರೆದಿಟ್ಟಿದ್ದಾರೆ.

ಹಳೆಗನ್ನಡಿ: ತೆರೆದಿಟ್ಟಿಲ್ಲ. ಛಂದಸ್ಸಿಗೆ ಬೇಕಿತ್ತು.

ಮಾತ್ರೆಗುಳಿಗೆ: ಓಹೋ. ನೀವು ಮಾಡಿದರೆ ಛಂದಸ್ಸಿಗೆ, ನಾವು ಮಾಡಿದರೆ ಶಿಥಿಲದ್ವಿತ್ವ.

ಹಳೆಗನ್ನಡಿ: ಮುಂದಿನ ವಾರ ಕಂದಪದ್ಯ. ಉತ್ತರ ಮತ್ತು ಶಲ್ಯ, ಎದುರುಬದುರು.

ಪದ್ಯಪಿಪಾಸು: ಅಷ್ಟರೊಳಗೆ ಗುಳಿಗೆಯವರು ಕಂದದಲ್ಲಿ ಜಗಣ (ಲಘು-ಗುರು-ಲಘು) ಎಲ್ಲಿ ಬರಬಾರದು ಎಂದು ಕಲಿತಿರಲಿ.

ಮಾತ್ರೆಗುಳಿಗೆ: ಬನ್ನಿ, ನೋಡೋಣ. ‘ಜಡೆಯಾ’ ಇನ್ನೂ ಹಾಗೇ ಇದೆ.