ಐಎನ್‌ಎಸ್ ಮೈಸೂರು ಕ್ರೆಸ್ಟ್: ಗಂಡಭೇರುಂಡದ ಪಕ್ಕ ಗಜಕೇಸರಿ ಸೇರಿಸಬಹುದೇ?

ಉಳಿಪೆಟ್ಟು:
ನಮ್ಮ ಸೋದರಮಾವ ನೇವಿಯಲ್ಲಿದ್ದವರು. 1971ರ ಯುದ್ಧದ ಹೊತ್ತಿಗೆ ಹಳೇ ಐಎನ್‌ಎಸ್ ಮೈಸೂರಿನಲ್ಲಿದ್ದರು. ಅವರ ಎಂಬತ್ತನೇ ಹುಟ್ಟುಹಬ್ಬಕ್ಕೆ ಆ ಹಡಗಿನ ಕ್ರೆಸ್ಟನ್ನು, ಅಂದರೆ ಗುರುತಿನ ಲಾಂಛನವನ್ನು, ತೇಗದಲ್ಲಿ ಕೆತ್ತಿ ಕೊಡಬೇಕು ಅಂತಿದ್ದೇನೆ. ನಡುವೆ ಗಂಡಭೇರುಂಡ, ಕೆಳಗಿನ ಪಟ್ಟಿಯಲ್ಲಿ ‘ನ ಬಿಭೇತಿ ಕದಾಚನ’. ಒಡೆಯರ ಲಾಂಛನದಲ್ಲೂ ಈಗಿನ ರಾಜ್ಯ ಸರ್ಕಾರದ ಲಾಂಛನದಲ್ಲೂ ಹಕ್ಕಿಯ ಎಡಬಲಕ್ಕೆ ಆನೆತಲೆ, ಸಿಂಹದ ಮೈಯ ಗಜಕೇಸರಿಗಳಿವೆಯಲ್ಲ, ಹಡಗಿನದರಲ್ಲಿ ಅವಿಲ್ಲ. ಬರೀ ಹಕ್ಕಿ ಕೆತ್ತಿದರೆ ಬೋಳಾಗಿ ಕಾಣುತ್ತೇನೋ ಅನ್ನಿಸುತ್ತಿದೆ. ಸೇರಿಸಿದರೆ ತಪ್ಪಾಗುತ್ತಾ?

ಹಳೇ ಸಿಗ್ನಲ್‌ಮನ್:
ದಯವಿಟ್ಟು ಸೇರಿಸಬೇಡಿ. ನಿಮ್ಮ ಮಾವ ಮೊದಲು ನೋಡುವುದೇ ಅದನ್ನು.

ರಾಜಲಾಂಛನ ಬೇರೆ, ಹಡಗಿನ ಕ್ರೆಸ್ಟ್ ಬೇರೆ. ರಾಜಲಾಂಛನ ದರ್ಬಾರಿನ ಗೋಡೆಯ ಮೇಲೆ, ಫರ್ಮಾನಿನ ತಲೆಯ ಮೇಲೆ ಇರುವಂಥದ್ದು. ನಿಂತು ನೋಡಲು ಅಲ್ಲಿ ಪುರುಸೊತ್ತಿದೆ. ಯುದ್ಧನೌಕೆಯಲ್ಲಿ ಹಾಗಲ್ಲ. ತೋಪಿನ ಬಾಯಿಗೆ ಹಾಕುವ ಮುಚ್ಚಳದ ಮೇಲೂ ಹಡಗಿನ ಗುರುತು ಕೂರಿಸುವ ಪದ್ಧತಿ ನೌಕಾಪಡೆಗಳಲ್ಲಿ ಹಳೆಯದು. ಹಳೇ ಮೈಸೂರಿನಲ್ಲಿ ಇದ್ದದ್ದು ಆರಿಂಚಿನ 9 ತೋಪು. ಆರಿಂಚಿನ ಬಾಯಿಯ ಮೇಲೆ ಒಂದು ಹಕ್ಕಿ, ಎರಡು ಗಜಕೇಸರಿ, ಅಶೋಕ ಸಿಂಹ ಎಲ್ಲ ತುಂಬಿದರೆ ಏನು ಕಂಡೀತು ಹೇಳಿ! ಒಂದೇ ಆಕೃತಿ, ಅದೂ ದೂರದಿಂದ ಕಂಡರೆ ಇದು ಇಂಥ ಹಡಗು ಅಂತ ಗೊತ್ತಾಗಬೇಕು. ಅಷ್ಟೇ ಅದರ ಕೆಲಸ.

ಈ ಶಿಸ್ತು ಬಂದದ್ದು ಬ್ರಿಟಿಷ್ ನೌಕಾಪಡೆಯಿಂದ. ಮೊದಲು ಅಲ್ಲೂ ಆಯಾ ಹಡಗಿನವರು ತಮಗೆ ತೋಚಿದ ಚಿತ್ರ ಹಾಕಿಕೊಳ್ಳುತ್ತಿದ್ದರು. 1918ರ ಕೊನೆಗೆ ಅದಕ್ಕೊಂದು ಸಮಿತಿಯೇ ಆಯಿತು. ಚೌಕಟ್ಟಿನ ಆಕಾರದಲ್ಲೇ ಹಡಗಿನ ಜಾತಿ ತಿಳಿಯುವಂತೆ ಬ್ಯಾಟಲ್‌ಶಿಪ್ ಎಂಬ ಭಾರೀ ಯುದ್ಧನೌಕೆಗೆ ವೃತ್ತ, ಕ್ರೂಸರಿಗೆ ಪಂಚಕೋನ, ಡೆಸ್ಟ್ರಾಯರಿಗೆ ಗುರಾಣಿ ಎಂದು ಹಂಚಿದರು. ಆಮೇಲೆ ಎಲ್ಲಕ್ಕೂ ವೃತ್ತವೇ ನಿಂತಿತು. ಅವರ ಚೌಕಟ್ಟಿನ ಮೇಲೆ ಹಾಯಿ, ಹಡಗಿನ ಹಿಂಭಾಗ ಒಂದಾದ ಮೇಲೊಂದು ಜೋಡಿಸಿದ ನೌಕಾಕಿರೀಟ ಇರುತ್ತೆ. ನಮ್ಮಲ್ಲಿ ತಲೆಯ ಮೇಲಿರುವುದು ಅಶೋಕ ಸಿಂಹ. ನಿಮ್ಮ ನಕ್ಷೆಯಲ್ಲಿ ಅದು ಬಿಟ್ಟುಹೋಗದಿರಲಿ.

ಹೊಸ ಹಡಗುಗಳಲ್ಲೂ ನೋಡಿ. ಐಎನ್‌ಎಸ್ ವಿಶಾಖಪಟ್ಟಣಕ್ಕೆ ಡಾಲ್ಫಿನ್ಸ್ ನೋಸ್ ಗುಡ್ಡದ ದೀಪಸ್ತಂಭ, ಕೃಷ್ಣಮೃಗ. ಐಎನ್‌ಎಸ್ ಇಂಫಾಲಕ್ಕೆ ಕಾಂಗ್ಲಾ ಅರಮನೆ, ಕಾಂಗ್ಲಾ ಸಾ ಎಂಬ ಮಣಿಪುರದ ಪುರಾಣಪ್ರಾಣಿ. ಒಂದೊಂದಕ್ಕೆ ಎರಡೆರಡು ಗುರುತು ಹಿಡಿಸಿದ್ದಾರೆ, ಚೆನ್ನಾಗಿಯೇ ಇವೆ. ಆದರೂ ನನ್ನ ಮನಸ್ಸಿಗೆ ಮೈಸೂರಿನದೇ ಮೇಲು.

ಮೇಷ್ಟ್ರು, ಶಿಕಾರಿಪುರ:
ಹಕ್ಕಿ ಒಂಟಿಯಾಗಿದ್ದರೆ ಬೋಳು ಅನ್ನಬೇಡಿ, ಅದು ಹುಟ್ಟಿನಿಂದಲೇ ಒಂಟಿ. ನಮ್ಮ ತಾಲ್ಲೂಕಿನ ಬಳ್ಳಿಗಾವೆಗೆ ಒಮ್ಮೆ ಬನ್ನಿ. 1047ರ ಭೇರುಂಡೇಶ್ವರ ಕಂಬ ಅಲ್ಲಿದೆ, ಎರಡು ತಲೆ, ಮನುಷ್ಯನ ಮೈ. ಒಡೆಯರಿಗಿಂತ ಎಷ್ಟೋ ಶತಮಾನ ಹಿಂದಿನದು. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದಲ್ಲಿ ಇದೇ ಹಕ್ಕಿ ಕೊಕ್ಕಿನಲ್ಲೂ ಉಗುರಿನಲ್ಲೂ ಆನೆಗಳನ್ನು ಎತ್ತಿಕೊಂಡಿದೆ. ಉಗುರಗಲದ ನಾಣ್ಯದಲ್ಲಿ ಅಷ್ಟು ಆವೇಶ ತುಂಬಿದ ಕಮ್ಮಟದವರಿಗೆ ಕೈ ಮುಗಿಯಬೇಕು.

ಇನ್ನು ‘ನ ಬಿಭೇತಿ ಕದಾಚನ’ ಅನ್ನುವ ಸಾಲು ತೈತ್ತಿರೀಯ ಉಪನಿಷತ್ತಿನದು. ಬ್ರಹ್ಮದ ಆನಂದವನ್ನು ಅರಿತವನು ಎಂದಿಗೂ ಹೆದರುವುದಿಲ್ಲ ಎಂಬಲ್ಲಿ ಬರುತ್ತದೆ. ಆನೆಯನ್ನೇ ಎತ್ತುವ ಹಕ್ಕಿಯ ಕೆಳಗೆ ಬಲದ ಮಾತು ಬರೆಯದೆ ನಿರ್ಭಯದ ಮಾತು ಬರೆದರಲ್ಲ, ಆಯ್ದವರು ತಿಳಿದವರು.

ಗುಡಿಗಾರ:
ತಮ್ಮಾ, ಕೆತ್ತುವ ಮಾತು ನಾನು ಹೇಳ್ತೀನಿ. ಹಲಗೆಯ ನಾರು ಅಡ್ಡಕ್ಕೆ ಬರುವಂತೆ ಇಟ್ಟುಕೋ. ಕೊಕ್ಕುಗಳು ಎಡಕ್ಕೂ ಬಲಕ್ಕೂ ಚಾಚಿರ್ತವೆ. ನಾರು ಮೇಲೆಕೆಳಗೆ ಓಡಿದರೆ ತುದಿ ತೆಗೆಯುವಾಗ ಚಟ್ಟನೆ ಹಾರಿಹೋಗುತ್ತೆ. ಆಮೇಲೆ ಎರಡು ಕುತ್ತಿಗೆ ನಡುವಿನ ಜಾಗ. ಅಲ್ಲಿ ಕೈ ಹಿಡಿಯಬೇಡ, ಆಳಕ್ಕೆ ಇಳಿಸು. ತೆಳ್ಳಗೆ ಗೀರಿ ಬಿಟ್ಟರೆ ಹತ್ತು ಹೆಜ್ಜೆ ಆಚೆಯಿಂದ ಒಂದೇ ದಪ್ಪ ತಲೆಯ ಹಕ್ಕಿ ಕಾಣುತ್ತೆ. ಬೋಳು ಅನ್ನಿಸಿದರೆ ಗರಿಗಳಲ್ಲಿ ಕೆಲಸ ತೋರಿಸು. ರೆಕ್ಕೆಯಲ್ಲಿ ಮೂರು ಸಾಲು, ಒಳಗಿನವು ಚಿಕ್ಕವು, ಹೊರಗಿನವು ಉದ್ದ.

ಉಳಿಪೆಟ್ಟು:
ಎಲ್ಲರಿಗೂ ನಮಸ್ಕಾರ. ಗಜಕೇಸರಿ ಕೈಬಿಟ್ಟೆ. ಗುಡಿಗಾರಣ್ಣ, ಹಲಗೆಗೆ ಇನ್ನೂ ಉಳಿ ತಾಗಿಸಿಲ್ಲ, ನಾರು ಅಡ್ಡಕ್ಕೇ ತಿರುಗಿಸಿಕೊಳ್ತೀನಿ. ಸಿಗ್ನಲ್‌ಮನ್ ಸಾರ್, ಹಲಗೆಯ ಹಿಂದೆ ಹಡಗಿನ ನಂಬರ್ ಕೊರೆಯೋಣ ಅಂತಿದ್ದೆ. ಹಳೆಯದಕ್ಕೂ 1999ರಲ್ಲಿ ಬಂದ ಹೊಸದಕ್ಕೂ 60 ಅಂತಲೇ ಇದೆಯಲ್ಲ?

ಹಳೇ ಸಿಗ್ನಲ್‌ಮನ್:
60 ಎರಡಕ್ಕೂ ಒಂದೇ, ಮುಂದಿನ ಅಕ್ಷರ ಬೇರೆ. ಮಾವನದು ಕ್ರೂಸರ್, ಸಿ 60. ಹೊಸದು ಡೆಸ್ಟ್ರಾಯರ್, ಡಿ 60. ಜೊತೆಗೆ 1957–1985 ಅಂತಲೂ ಕೊರೆಯಿರಿ. ಆ ಹಡಗು ನಮ್ಮ ನೌಕಾಪಡೆಯಲ್ಲಿ ಇದ್ದದ್ದು ಅಷ್ಟು ಕಾಲ.