ಸಹಾಯ ಬೇಕು: ಅಮ್ಮನ ಜೊತೆ ಮ್ಯೂನಿಕ್‌ನಿಂದ ಇನ್ಸ್‌ಬ್ರುಕ್‌ಗೆ ಕಾರಲ್ಲಿ

ಎಲ್ಲರಿಗೂ ನಮಸ್ಕಾರ. ಮಂಗಳೂರಿನಿಂದ ಅಮ್ಮ ಬಂದಿದ್ದಾರೆ. ಶನಿವಾರ ಬೆಳಿಗ್ಗೆ ಅವರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಮ್ಯೂನಿಕ್‌ನಿಂದ ಹೊರಡುತ್ತೇವೆ. ಮೊದಲು ವೀಸ್ ಚರ್ಚ್, ಆಮೇಲೆ ಒಬರಮ್ಮರ್‌ಗೌ, ಎಟ್ಟಾಲ್ ಮಠ, ಮಿಟ್ಟನ್‌ವಾಲ್ಡ್. ರಾತ್ರಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ವಾಪಸ್.

ವೀಸ್ ಚರ್ಚನ್ನು ಹೋದ ವರ್ಷ ಒಬ್ಬನೇ ಹೋಗಿ ನೋಡಿದ್ದೆ. ಸುತ್ತ ಹುಲ್ಲುಗಾವಲು, ಹೊರಗಿನಿಂದ ಸಾದಾ ಕಟ್ಟಡ. ಬಾಗಿಲು ದಾಟಿದರೆ ಚಾವಣಿ ತುಂಬ ಚಿತ್ರ, ಚಿನ್ನ, ಬೆಳಕು. ಸರಪಳಿ ಬಿಗಿದ ಯೇಸುವಿನ ಪ್ರತಿಮೆಗಾಗಿ 1745ರಲ್ಲಿ ಕಟ್ಟಲು ಶುರು ಮಾಡಿದ ಚರ್ಚ್ ಅದು. ಫೋಟೋ ನೋಡಿ ಅಮ್ಮ, "ನಮ್ಮ ಅಲೋಶಿಯಸ್ ಚಾಪೆಲ್ ಹಾಗೇ ಉಂಟಲ್ಲ" ಅಂದರು. ಪೂರ್ತಿ ತಪ್ಪೇನಲ್ಲ. ಮಂಗಳೂರಿನ ಆ ಚಾಪೆಲ್‌ನಲ್ಲಿ ಚಿತ್ರ ಬರೆದ ಮೊಸ್ಕೇನಿ ಆಲ್ಪ್ಸ್ ಬುಡದ, ಇಟಲಿಯ ಬೆರ್ಗಾಮೊ ಕಡೆಯವರೇ.

ಒಬರಮ್ಮರ್‌ಗೌನ ಯೇಸುವಿನ ಯಾತನೆಯ ನಾಟಕ ಮತ್ತೆ 2030ಕ್ಕೆ. ಈ ಸಲ ಗೋಡೆ ಚಿತ್ರದ ಮನೆಗಳಷ್ಟೇ.

ಈಗ ನನ್ನ ತಲೆಬಿಸಿ. ಮಿಟ್ಟನ್‌ವಾಲ್ಡ್ ಆದ ಮೇಲೆ ಸೀಫೆಲ್ಡ್ ದಾಟಿ ಝಿರ್ಲ್‌ಗೆ ಇಳಿಯುವ ದಾರಿ ತುಂಬ ಕಡಿದು ಅಂತಾರೆ. ಅಮ್ಮನಿಗೆ ಚಾರ್ಮಾಡಿ ಘಾಟಿಯಲ್ಲೇ ವಾಂತಿ ಬರುತ್ತದೆ. ಫರ್ನ್‌ಪಾಸ್ ಅನ್ನೋ ಇನ್ನೊಂದು ಘಾಟಿ ಕಡೆಯಿಂದ ಸುತ್ತಿ ಹೋದರೆ ವಾಸಿಯಾ? ವಾರಾಂತ್ಯದಲ್ಲಿ ಅಲ್ಲಿ ಟ್ರಾಫಿಕ್ ಜಾಸ್ತಿ ಅಲ್ವಾ? ಹೈವೇಗೆ ಹತ್ತದೆ ಹಳೇ ರಸ್ತೆಯಲ್ಲೇ ಇನ್ಸ್‌ಬ್ರುಕ್ ಸೇರಿದರೆ ವಿನ್ಯೆಟ್ (ಹೈವೇ ಟೋಲ್ ಸ್ಟಿಕ್ಕರ್) ಬೇಡ ಅಲ್ವಾ, ದಾರಿ ತಪ್ಪದೆ ಹೋಗಿ ಬಂದವರು ಯಾರಾದರೂ ಇದ್ದೀರಾ?

ಇನ್ನೊಂದು. ಇನ್ಸ್‌ಬ್ರುಕ್‌ನಲ್ಲಿ ಭಾನುವಾರ ಇಂಗ್ಲಿಷ್ ಪೂಜೆ ಎಲ್ಲಿ, ಎಷ್ಟು ಹೊತ್ತಿಗೆ? ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಕಮ್ಮಿ ಇರುವ ಚರ್ಚ್ ಆದರೆ ಒಳ್ಳೆಯದು. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಹಾಗಾಗಿ ಅನ್ನ, ಉಪ್ಪಿನಕಾಯಿ ನಾವೇ ಕಟ್ಟಿಕೊಂಡು ಬರುತ್ತೇವೆ.